ಡಮಾಸ್ಕಸ್ ಚಾಕು ಅಂತ 6,500 ಕೊಟ್ಟೆ, ಫ್ರಿಜ್ಜಿನ ಮ್ಯಾಗ್ನೆಟ್ಟೂ ಅಂಟಲಿಲ್ಲ

ಈಗ ಡಮಾಸ್ಕಸ್ ಅಂತ ಮಾರೋದು ಎರಡು ಬಗೆಯ ಸ್ಟೀಲು ಪದರ ಪದರವಾಗಿ ಬೆಸೆದು, ಅಲಗಿನ ಮೇಲೆ ಗೆರೆ ಬರುವಂತೆ ಮಾಡಿದ ಚಾಕು. ಹಾಗೆ ಕೈಯಲ್ಲೇ ಬಡಿದು ಮಾಡಿದ ಅಡುಗೆ ಚಾಕು ಹುಡುಕುತ್ತಿದ್ದರೆ ಮೊದಲು ಇದನ್ನು ಓದಿ, ಆಮೇಲೆ ದುಡ್ಡು ಕಳಿಸಿ. ನಾನು ಉಲ್ಟಾ ಮಾಡಿದೆ.

ಎರಡು ತಿಂಗಳ ಹಿಂದೆ ವೈಟ್‌ಫೀಲ್ಡ್ ಕಡೆ ಒಂದು ಭಾನುವಾರದ ಸಂತೆಗೆ ಹೋಗಿದ್ದೆ. ಅಲ್ಲೊಂದು ಮೇಜಿನ ಮೇಲೆ ಹತ್ತು ಹನ್ನೆರಡು ಚಾಕು. ಅಲಗಿನ ತುಂಬ ನೀರಿನ ಅಲೆಯಂಥ ಗೆರೆ, ಬೀಟೆ ಮರದ ಹಿಡಿ, ಅದಕ್ಕೆ ಮೂರು ಹಿತ್ತಾಳೆ ಪಿನ್ನು. ಮಾರುವವನು, "1095 ಮತ್ತು 15ಎನ್20 ಸ್ಟೀಲು ಸಾರ್, ಪದರ ಪದರ ಕುಲುಮೆಯಲ್ಲಿ ಬೆಸೆದಿದ್ದು. ತುಕ್ಕು ಹಿಡಿಯೋದೇ ಇಲ್ಲ" ಅಂದ. ಸುಳ್ಳು ಆ ಕೊನೆ ಮಾತಿನಲ್ಲೇ ಇತ್ತು. ಆ ಎರಡೂ ಕಾರ್ಬನ್ ಸ್ಟೀಲು, ಒದ್ದೆ ಬಿಟ್ಟರೆ ತುಕ್ಕು ಹಿಡಿಯುತ್ತವೆ, ನಿಂಬೆಹಣ್ಣು ಕೊಯ್ದು ಒರೆಸದಿದ್ದರೆ ಕಪ್ಪಾಗುತ್ತವೆ. ಮೇಲಿಂದ "ನಮ್ಮ ಹಳೇ ಉಕ್ಕಿನ ವಿದ್ಯೆ" ಅಂತಲೂ ಸೇರಿಸಿದ. ಹಿಂದೆ ನಮ್ಮ ಕಡೆ ಮಾಡುತ್ತಿದ್ದ ಹೆಸರುವಾಸಿ ಉಕ್ಕಿನ ವೂಟ್ಜ್ ಅನ್ನೋ ಹೆಸರು ನಮ್ಮ 'ಉಕ್ಕು' ಪದದಿಂದಲೇ ಬಂತು ಅಂತಾರಲ್ಲ, ಅದು ಕೇಳಿ ನಾನು ಉಬ್ಬಿಹೋದೆ. ಆದರೆ ಅದು ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕು. ಪದರ ಬೆಸೆಯೋದು ಬೇರೆಯೇ ಕೆಲಸ.

ಹದಿನೈದು ದಿನಕ್ಕೆ ಹರಿತ ಹೋಯ್ತು. ಸಾಣೆ ಕಲ್ಲಿಗೆ ಹಿಡಿದರೆ ಒಂದು ದಿನ ಕೊಯ್ಯುತ್ತೆ, ಮಾರನೇ ದಿನ ಟೊಮೆಟೊ ಸಿಪ್ಪೆ ಮೇಲೆ ಜಾರುತ್ತೆ. ಒಂದು ಶನಿವಾರ ಸುವರ್ಣಗಡ್ಡೆ ಹೆಚ್ಚುವಾಗ ಹಿಡಿ ಕಟಕ್ ಅಂತ ತಿರುಗಿ ಅಲಗು ಓರೆಯಾಯ್ತು. ಎಡಗೈ ಹೆಬ್ಬೆರಳು ಕೂದಲೆಳೆಯಲ್ಲಿ ಉಳಿಯಿತು.

ನಮ್ಮ ಭಾವ ಪೀಣ್ಯದಲ್ಲಿ ಟೂಲ್ ರೂಮ್ ಕೆಲಸದವರು. ಚಾಕು ನೋಡಿ, "ಹೋಗೋ, ಫ್ರಿಜ್ಜಿನ ಮೇಲಿರೋ ತಿರುಪತಿ ಮ್ಯಾಗ್ನೆಟ್ ತಗೊಂಡು ಬಾ" ಅಂದರು. ಇಟ್ಟರೆ ಕೆಳಗೆ ಬಿತ್ತು. ಕಾರ್ಬನ್ ಸ್ಟೀಲಾಗಿದ್ದರೆ ಗಪ್ ಅಂತ ಹಿಡಿಯಬೇಕಿತ್ತು. (ಅಂಟಿದ ಮಾತ್ರಕ್ಕೆ ಅಸಲಿ ಅಂತಲ್ಲ, ಅಂಟುವ ಸ್ಟೇನ್‌ಲೆಸ್ಸೂ ಇದೆ.) ಆಮೇಲೆ ಅರ ತಗೊಂಡು ಹಿಡಿಯ ಹತ್ತಿರ ಒಮ್ಮೆ ಎಳೆದರು. ಸರಿಯಾಗಿ ಹದ ಹಾಕಿದ ಅಲಗಾದರೆ ಅರ ಗಾಜಿನ ಮೇಲೆ ಎಳೆದ ಹಾಗೆ ಜಾರುತ್ತದೆ. ಇಲ್ಲಿ ಕಚ್ಚಿ ಪುಡಿ ಉದುರಿತು.

ಗೆರೆ? ಎಮರಿ ಪೇಪರಿನಲ್ಲಿ ನಾಲ್ಕು ಸಲ ಉಜ್ಜಿದರೆ ಮಾಯ. ನಾನು ಕೂಗಾಡಲು ಶುರು ಮಾಡಿದೆ. ಭಾವ, "ಸುಮ್ನಿರು, ಅಸಲಿ ಆದ್ರೂ ಉಜ್ಜಿದ್ರೆ ಹೋಗುತ್ತೆ. ಆಸಿಡ್ ಹಾಕಿದ್ರೆ ವಾಪಸ್ ಬರಬೇಕು" ಅಂದರು. ಎಸ್‌ಪಿ ರೋಡಿನಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡುವವರು ಒಯ್ಯುವ ಫೆರಿಕ್ ಕ್ಲೋರೈಡ್ ತಂದೆವು. ಕೈಗೆ ಗ್ಲೌಸ್ ಹಾಕಿ, ನೀರು ಬೆರೆಸಿ ಪ್ಲಾಸ್ಟಿಕ್ ಡಬ್ಬದಲ್ಲಿ ಅದ್ದಿದೆವು. ಅಸಲಿಯಾದರೆ ನಿಕ್ಕಲ್ ಇರುವ 15ಎನ್20 ಪದರ ಹೊಳೆಯುತ್ತ ಉಳಿದು, 1095 ಕಪ್ಪಾಗಿ, ಗೆರೆ ಎದ್ದು ಬರುತ್ತದೆ. ಹತ್ತು ನಿಮಿಷ ಕಾದೆವು. ಉಜ್ಜಿದ ಜಾಗ ಒಂದೇ ಸಮ ಬೂದು. ಲೇಸರಿನಲ್ಲಿ ಗೀಚಿದ ಚಿತ್ರ ಅಷ್ಟೇ, ಸೀರೆ ಪ್ರಿಂಟ್ ಇದ್ದ ಹಾಗೆ. ಹಿಡಿ ಬಿಚ್ಚಿದಾಗ ಅಲಗಿನ ಬಾಲ ಒಳಗೆ ಒಂದೂವರೆ ಇಂಚೂ ಇರಲಿಲ್ಲ. ಉಳಿದದ್ದೆಲ್ಲ ಅಂಟು. ಹಿಂದಿನ ಎರಡು ಪಿನ್ನು ಬರೀ ಶೋಕಿಗೆ.

ನೀವು ಕೊಳ್ಳೋದಾದರೆ ಅಲಗಿನ ಬೆನ್ನು ನೋಡಿ. ಪದರದ ಗೆರೆ ಈ ಮಗ್ಗುಲಿಂದ ಬೆನ್ನು ದಾಟಿ ಆ ಮಗ್ಗುಲಿಗೆ ಹೋಗಬೇಕು. ನನ್ನದರಲ್ಲಿ ಬೆನ್ನು ನುಣ್ಣಗೆ, ಬೋಳು. ಹಿಡಿಯೊಳಗೆ ಬಾಲ ಎಷ್ಟುದ್ದ ಇದೆ ಅಂತ ಕೇಳಿ. ಹಿಡಿ ಹಾಕುವ ಮುಂಚಿನ ಫೋಟೊ ಕೇಳಿದರೆ ನಿಜವಾಗಿ ಮಾಡುವವರು ಖುಷಿಯಿಂದ ಹತ್ತು ಕಳಿಸುತ್ತಾರೆ.

ಮಾರಿದವನಿಗೆ ವೀಡಿಯೊ ಕಳಿಸಿದೆ. ನೋಡಿದ, ಬ್ಲಾಕ್ ಮಾಡಿದ. ಬಿಲ್ ಕೇಳಿರಲಿಲ್ಲ, ನನ್ನದೇ ತಪ್ಪು. ಯುಪಿಐ ಸಂದೇಶ ಮಾತ್ರ ಇದೆ, ಅದನ್ನೇ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ.