ಅಂಗನವಾಡಿ ಊಟ, ಪುಷ್ಟಿ ಪ್ಯಾಕೆಟ್: ಬಸುರಿಯಾದಾಗಿನಿಂದ ಮಗುವಿಗೆ ಮೂರು ತುಂಬುವವರೆಗೆ ಬಳಸಿದವಳ ವಿಮರ್ಶೆ

ಮೊದಲೇ ಅಂಕ ಕೊಟ್ಟುಬಿಡುತ್ತೇನೆ. ಅಂಗನವಾಡಿಯಲ್ಲೇ ಕೂತು ತಿನ್ನುವ ಊಟಕ್ಕೆ ಐದಕ್ಕೆ ನಾಲ್ಕು. ಪುಟ್ಟ ಮಕ್ಕಳಿಗೆ ಅಂತ ಮನೆಗೆ ಕೊಟ್ಟು ಕಳಿಸುವ ಪುಷ್ಟಿ ಹಿಟ್ಟಿನ ಪ್ಯಾಕೆಟ್ಟಿಗೆ ಎರಡೂವರೆ. ಪ್ಯಾಕೆಟ್ ಕೆಟ್ಟದ್ದು ಅಂತಲ್ಲ, ಅದು ನಮ್ಮ ಮನೆಗಳಿಗೆ ಬಂದ ಮೇಲೆ ಯಾರ ಪಾಲಾಗುತ್ತೆ ಅನ್ನೋದು ವಿಷಯ.

ನಾವಿರುವುದು ಮದ್ದೂರು ಕಡೆಯ ಹಳ್ಳಿ. ನಾನು ಬಸುರಿಯಾಗಿದ್ದು 2022ರಲ್ಲಿ. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಮಾಡಿಸಿಕೊಟ್ಟರು, ಅಂಗನವಾಡಿ ಟೀಚರ್ ಹೆಸರು ಬರೆದುಕೊಂಡರು. ಮಾತೃಪೂರ್ಣ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: 2017ರ ಅಕ್ಟೋಬರ್ 2ರಿಂದ ರಾಜ್ಯದ ತುಂಬ ಇರುವ ಯೋಜನೆ ಇದು. ಬಸುರಿ, ಬಾಣಂತಿಯರಿಗೆ ತಿಂಗಳಲ್ಲಿ 25 ದಿನ ಮಧ್ಯಾಹ್ನ ಬಿಸಿಯೂಟ. ಅನ್ನ, ತರಕಾರಿ ಹಾಕಿದ ಸಾರು, ಬೇಯಿಸಿದ ಮೊಟ್ಟೆ, 200 ಮಿಲಿ ಹಾಲು, ಜೊತೆಗೆ ಕಡಲೆಕಾಯಿ ಚಿಕ್ಕಿ. ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು. ದುಡ್ಡು ಕೊಡಬೇಕಿಲ್ಲ. ಆದರೆ ಅಲ್ಲೇ ಹೋಗಿ ತಿನ್ನಬೇಕು.

ಈ "ಅಲ್ಲೇ ತಿನ್ನಬೇಕು" ಅನ್ನೋದಕ್ಕೆ ಎಲ್ಲರೂ ಬೈಯುತ್ತಾರೆ. ನಾನೂ ಬೈದಿದ್ದೇನೆ. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ನೆತ್ತಿ ಸುಡುವ ಬಿಸಿಲಲ್ಲಿ ಹೋಗೋದು ಯಾರಿಗೆ ಇಷ್ಟ, ಅದೂ ಒಂದು ತುತ್ತು ಅನ್ನಕ್ಕೆ. "ಮನೇಲಿ ಹಾಕೋದಿಲ್ವಾ, ಅಲ್ಲಿ ಹೋಗಿ ತಟ್ಟೆ ಹಿಡೀತಿಯಲ್ಲಾ" ಅಂತ ನಮ್ಮತ್ತೆ ಒಂದು ಸಲ ಅಂದರು. ಕೆಟ್ಟವರಲ್ಲ ಅವರು, ಊರಿನ ಬಾಯಿಗೆ ಹೆದರುವವರು ಅಷ್ಟೆ.

ಹಾಲಿನ ವಿಷಯ ಕೇಳಿ. ಅಂಗನವಾಡಿ ಹಾಲು ಪೌಡರಿನದ್ದು. ಸಹಾಯಕಿ ಮೊದಲು ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಪುಡಿ ಹಾಕಿ ಸೌಟಲ್ಲಿ ತಿರುವಿ ತಿರುವಿ ಗಂಟು ಒಡೆಯುತ್ತಾರೆ, ಆಮೇಲೆ ದೊಡ್ಡ ಪಾತ್ರೆಗೆ ಸುರಿದು ಕಾಯಿಸುತ್ತಾರೆ. ಆತುರ ಮಾಡಿದ ದಿನ ಲೋಟದ ತಳದಲ್ಲಿ ಬಿಳಿ ಮುದ್ದೆ ಸಿಗುತ್ತೆ. "ಮನೇಲಿ ಎರಡು ಹಸು ಕಟ್ಟಿಕೊಂಡು ಪೌಡರ್ ಹಾಲು ಕುಡೀತಾಳೆ" ಅಂತ ನಗುತ್ತಿದ್ದರು. ಹೌದು, ಹಸು ಎರಡಿವೆ. ಆದರೆ ಬೆಳಗ್ಗೆ, ಸಂಜೆ ಕ್ಯಾನ್ ಹೋಗೋದು ಡೈರಿಗೆ. ಮನೆಗೆ ಉಳಿಯೋದು ಕಾಫಿಗೆ ಆಗುವಷ್ಟು. ಮಂಡ್ಯ ಜಿಲ್ಲೆಯಲ್ಲಿ ಎಷ್ಟು ಮನೆಗಳ ಕಥೆ ಇದೇ ಹೇಳಿ? ಡೈರಿ ದುಡ್ಡಲ್ಲೇ ಫೀಸು, ಗೊಬ್ಬರ, ಚೀಟಿ ಎಲ್ಲ ನಡೆಯಬೇಕು. ಅದರಲ್ಲಿ ಸೊಸೆಗೆ ದಿನಾ ಒಂದು ಲೋಟ ಹಾಲು ಅಂತ ಯಾರೂ ತೆಗೆದಿಡಲ್ಲ, ಅವಳೂ ಬಾಯಿಬಿಟ್ಟು ಕೇಳಲ್ಲ. ಮೊಟ್ಟೆನೂ ಅಷ್ಟೆ. ಮನೇಲಿ ಬೇಯಿಸಿದರೆ ಮೊದಲು ಗಂಡಸರ ತಟ್ಟೆಗೆ, ಮಕ್ಕಳ ತಟ್ಟೆಗೆ. ಅಂಗನವಾಡಿಯಲ್ಲಿ ಆ ಮೊಟ್ಟೆ ನನ್ನದು. ಪಾಲು ಕೇಳುವವರು ಅಲ್ಲಿ ಯಾರೂ ಇಲ್ಲ. ಬಿಸಿಲಲ್ಲಿ ನಡೆಸುವ ಆ ನಿಯಮವೇ ಊಟವನ್ನು ನನ್ನ ಹೊಟ್ಟೆಗೆ ಸೇರಿಸಿದ್ದು.

ಊಟ ರುಚಿಯಾಗಿತ್ತಾ ಅಂದರೆ, ದಿನಕ್ಕೊಂದು ಥರ. ಸೊಪ್ಪಿನ ಸಾರು ಚೆನ್ನಾಗಿರುತ್ತಿತ್ತು. ತಿಂಗಳ ಕೊನೆಗೆ ಸಾರು ನೀರಾಗುತ್ತಿತ್ತು, ತರಕಾರಿ ಹುಡುಕಬೇಕು. ಮೊಟ್ಟೆ ಬರದ ವಾರಗಳೂ ಇದ್ದವು, ಬಿಲ್ ಆಗಿಲ್ಲ ಅಂತ ಉತ್ತರ. ಮಕ್ಕಳಿಗೆ ಪಾಠ, ತೂಕ, ಮೊಬೈಲಲ್ಲಿ ಎಂಟ್ರಿ, ಸರ್ವೆ ಎಲ್ಲ ಇಬ್ಬರು ಹೆಂಗಸರ ತಲೆ ಮೇಲಿದೆ, ಅಷ್ಟರಲ್ಲಿ ಅಡುಗೆನೂ ಆಗಬೇಕು. ಹಾಗಾಗಿ ರುಚಿಗೆ ನಾನು ಅಂಕ ಕಳೆಯಲ್ಲ. ಮೊಟ್ಟೆ ಬರದಿದ್ದಕ್ಕೆ ಕಳೆದಿದ್ದೇನೆ.

ಊಟ ಆದ ಮೇಲೆ ಕಬ್ಬಿಣದ ಮಾತ್ರೆ ಕೊಟ್ಟು, ನುಂಗುವ ತನಕ ಎದುರಿಗೇ ನಿಲ್ಲುತ್ತಿದ್ದರು. ಮನೇಲಾಗಿದ್ದರೆ ಅದು ಕಿಟಕಿ ಮೇಲೆ ಕೂತಿರುತ್ತಿತ್ತು.

ಈಗ ದೊಡ್ಡ ತಕರಾರು. ಯೋಜನೆ ಪ್ರಕಾರ ಹೆರಿಗೆ ಆದ ಮೇಲೂ ಆರು ತಿಂಗಳು ಊಟ ಉಂಟು. ಆದರೆ ನಮ್ಮ ಕಡೆ ಬಾಣಂತಿ ಹೊಸಿಲು ದಾಟಿ ಮಧ್ಯಾಹ್ನ ಊಟಕ್ಕೆ ಬೀದಿಗೆ ಬರ್ತಾಳಾ? ಹತ್ತಿ ಇಟ್ಟುಕೊಂಡು, ಕಿವಿ ಕಟ್ಟಿಕೊಂಡು, ಪಥ್ಯ ಅಂತ ಮೂಲೇಲಿ ಕೂರಿಸಿರುತ್ತಾರೆ. ಯೋಜನೆ ಬರೆದವರ ಮನೆಯಲ್ಲಿ ಬಾಣಂತನ ಮಾಡಿಲ್ಲವೇನೋ! ನಾನು ತವರಿಗೆ ಹೋದೆ, ಟಿ. ನರಸೀಪುರ ತಾಲ್ಲೂಕು. 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ಅಂಗನವಾಡಿ ಶುರುವಾಗಿದ್ದೇ ಆ ತಾಲ್ಲೂಕಲ್ಲಿ, ನೂರು ಕೇಂದ್ರದೊಂದಿಗೆ. ಅಂಥ ಕಡೆಯೂ ಹೆಸರು ವರ್ಗ ಆಗೋಕೆ ಆ ಟೀಚರಿಂದ ಈ ಟೀಚರಿಗೆ ಫೋನ್ ಮೇಲೆ ಫೋನ್. ಆಮೇಲೆ ನಮ್ಮಮ್ಮ ಡಬ್ಬಿ ಹಿಡಿದು ಹೋಗಿ ತರುತ್ತಿದ್ದರು, ಟೀಚರ್ ಪಾಪ ಇಲ್ಲ ಅನ್ನಲಿಲ್ಲ. ಡಬ್ಬಿ ಮನೆಗೆ ಬಂತು ಅಂದರೆ ಮತ್ತೆ ಅದೇ ಕಥೆ: ಬಾಣಂತಿಗೆ ಮೊಟ್ಟೆ ಬೇಡ ಅಂತ ನಮ್ಮಜ್ಜಿ, ಅದು ನನ್ನ ತಮ್ಮನ ತಟ್ಟೆಗೆ. ಹಾಲೂಡಿಸುವವಳು ನಾನು, ಮೊಟ್ಟೆ ತಿಂದವನು ಅವನು.

ಪುಷ್ಟಿ ಬರೋದು ಮಗುವಿಗೆ ಆರು ತಿಂಗಳು ತುಂಬಿದ ಮೇಲೆ, ಮೂರು ವರ್ಷದವರೆಗೆ. ಸಿಹಿ ಹಿಟ್ಟು. ಬರೀ ಬಿಸಿನೀರಿಗೆ ಕಲಸಿದರೆ ಹಸಿ ವಾಸನೆ, ಮಗು ತುಪುಕ್ ಅಂತ ಉಗಿಯುತ್ತೆ. ಸಣ್ಣ ಉರೀಲಿ ಅರ್ಧ ಚಮಚ ತುಪ್ಪ ಹಾಕಿ ಹಿಟ್ಟನ್ನು ಘಮ್ ಅನ್ನುವ ತನಕ ಹುರಿದು, ಆರಿದ ಮೇಲೆ ಬಿಸಿ ಹಾಲು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ. ನನ್ನ ಮಗಳು ತಿಂದಿದ್ದು ಹೀಗೆ ಮಾಡಿದ ಮೇಲೆಯೇ. ಎರಡು ವರ್ಷ ದಾಟಿದ ಮೇಲೆ ಉಂಡೆ ಕಟ್ಟಿದೆ. ಆಗ ಓಣಿ ಮಕ್ಕಳೆಲ್ಲ ಬಂದು ಕೂರೋರು, ಒಬ್ಬರಿಗೆ ಕೊಟ್ಟು ಒಬ್ಬರಿಗೆ ಇಲ್ಲ ಅನ್ನೋಕಾಗುತ್ತಾ? ತಿಂಗಳ ಪ್ಯಾಕೆಟ್ ವಾರದಲ್ಲಿ ಖಾಲಿ. ಇನ್ನು ಕೆಲವು ಮನೆಗಳಲ್ಲಿ ಅದು ಹಸುವಿನ ಬೂಸಕ್ಕೆ ಸೇರುತ್ತೆ. ಕಣ್ಣಾರೆ ನೋಡಿದ್ದೇನೆ.

ಜಾಸ್ತಿ ಜನ ಲೆಕ್ಕಕ್ಕೇ ಇಟ್ಟುಕೊಳ್ಳದ್ದು ತೂಕ. ಪ್ರತಿ ತಿಂಗಳು ತೂಗಿ ಚಾರ್ಟಲ್ಲಿ ಚುಕ್ಕಿ ಹಾಕುತ್ತಾರೆ. ಹಸಿರು ಸರಿ, ಹಳದಿ ಎಚ್ಚರ, ಕೆಂಪು ಅಂದರೆ ಆಸ್ಪತ್ರೆ ಮಾತು. ಭೇದಿ ಜ್ವರ ಬಂದು ಹೋದ ತಿಂಗಳು ನನ್ನ ಮಗಳ ಚುಕ್ಕಿ ಹಳದಿಗೆ ಇಳಿದಿತ್ತು. ನಮ್ಮ ಕಣ್ಣಿಗೆ ಅವಳು ಹಾಗೇ ಇದ್ದಳು, ಕೆನ್ನೆ ತುಂಬಿಕೊಂಡೇ ಇತ್ತು. ಟೀಚರ್ ಹೇಳಿದ ಮೇಲೆ ದಿನಕ್ಕೆ ಎರಡು ಸಲ ಜಾಸ್ತಿ ಉಣಿಸೋಕೆ ಶುರು ಮಾಡಿದೆ, ರಾಗಿ ಗಂಜಿಗೆ ಒಂದು ಚಮಚ ತುಪ್ಪ ಬಿಟ್ಟು. ಮೇಲೆ ಬಂತು. ಪ್ಯಾಕೆಟ್ ಬೇಡ ಅನ್ನುವವರೂ ದಯವಿಟ್ಟು ತೂಕಕ್ಕೆ ಹೋಗಿ.

ಮೂರು ತುಂಬಿದ ಮೇಲೆ ಮಗಳು ತಾನೇ ಅಂಗನವಾಡಿಗೆ ಹೋಗಿ ಕೂತು ತಿನ್ನುತ್ತಾಳೆ, ಹಾಲು, ಮೊಟ್ಟೆ ಎಲ್ಲ ಅವಳಿಗೇ. ಮನೇಲಿ ಮುಟ್ಟದ ಬೀನ್ಸ್ ಅಲ್ಲಿ ಪಕ್ಕದ ಮಕ್ಕಳನ್ನು ನೋಡಿ ನುಂಗುತ್ತಾಳೆ.

ದುಡ್ಡಿನ ವಿಷಯ ಬೇರೆ. ಮೊದಲ ಮಗುವಿಗೆ ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೆಯಿಂದ ತಾಯಿಗೆ 5000 ರೂಪಾಯಿ, ಎರಡು ಕಂತು: 3000, ಆಮೇಲೆ ಹುಟ್ಟಿನ ನೋಂದಣಿ, ಮೊದಲ ಸುತ್ತಿನ ಲಸಿಕೆ ಆದ ಮೇಲೆ 2000. ಎರಡನೆಯದು ಹೆಣ್ಣಾದರೆ 6000 ಒಂದೇ ಸಲ. ಹಾಕಿಸಿಕೊಡುವವರು ಇದೇ ಟೀಚರ್. ನನ್ನ ಎರಡನೇ ಕಂತು ಬರೋಷ್ಟರಲ್ಲಿ ಮಗಳು ಓಡಾಡುತ್ತಿದ್ದಳು, ಖಾತೆಗೆ ಆಧಾರ್ ಜೋಡಣೆ ಆಗಿಲ್ಲ ಅಂತ.

2025ರಿಂದ ಪ್ಯಾಕೆಟ್ ಕೊಡೋಕೆ ಮುಖ ತೋರಿಸಬೇಕು. ಟೀಚರ್ ಮೊಬೈಲ್ ಎತ್ತಿ ಹಿಡಿಯುತ್ತಾರೆ, ಕಣ್ಣು ಮಿಟುಕಿಸಬೇಕು, ನೆಟ್‌ವರ್ಕ್ ಸುತ್ತುತ್ತಾ ಇರುತ್ತೆ, ಎಲ್ಲರೂ ಸೇರಿ ಬೇವಿನ ಮರದ ಕೆಳಗೆ ಸಿಗ್ನಲ್ ಹುಡುಕೋದು. ಮೊದಲ ಸಲ ಒಟಿಪಿ ಬೇರೆ ಬೇಕು. ನನ್ನ ಆಧಾರಿಗೆ ಇದ್ದಿದ್ದು ನಮ್ಮನೆಯವರ ನಂಬರು, ಅವರು ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋದರೆ ಬರೋದು ರಾತ್ರಿ, ಕೆಲಸದಲ್ಲಿ ಫೋನ್ ಎತ್ತಲ್ಲ. ಹೆಸರು ಬರೆಸುವ ಮುಂಚೆ ಪೋಸ್ಟ್ ಆಫೀಸಿಗೋ ಆಧಾರ್ ಕೇಂದ್ರಕ್ಕೋ ಹೋಗಿ ನಿಮ್ಮ ಕೈಲಿರುವ ಫೋನಿನ ನಂಬರ್ ಹಾಕಿಸಿಕೊಂಡುಬಿಡಿ.