ಹದಿನೇಳು ಗುಳಿಯ ಮಣೆ: ಒಬ್ಬರೇ ಕುಳಿತು ಆಡುವ ಅದಲುಬದಲಿನ ಆಟ

ಚನ್ನಪಟ್ಟಣದ ಆಟಿಕೆ ಅಂಗಡಿಯೊಂದರಲ್ಲಿ 450 ರೂಪಾಯಿ ಕೊಟ್ಟು ತಂದ ಈ ಮರದ ಮಣೆಯಲ್ಲಿ ಎರಡು ಆಟಗಳಿವೆ. ಒಂದು ಮಗ್ಗುಲಲ್ಲಿ ಏಳು ಗುಳಿಗಳ ಒಂದೇ ಸಾಲು ಇದೆ. ಮಗುಚಿ ಹಾಕಿದರೆ, ಒಂಬತ್ತು ಒಂಬತ್ತು ಗುಳಿಗಳ ಎರಡು ಚೌಕಗಳು ಒಂದು ಮೂಲೆಯ ಗುಳಿಯಲ್ಲಿ ಕೂಡಿಕೊಂಡು, ಒಟ್ಟು ಹದಿನೇಳು ಗುಳಿಗಳಾಗುತ್ತವೆ. ನಡುವಿನ ಗುಳಿಯೊಂದನ್ನು ಖಾಲಿ ಬಿಟ್ಟು ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಳದಿ ಕಾಯಿಗಳನ್ನು ಇಟ್ಟು, ಎರಡೂ ಬಣ್ಣಗಳ ಜಾಗವನ್ನು ಅದಲುಬದಲು ಮಾಡುವುದೇ ಆಟ. ಕಾಯಿ ಪಕ್ಕದ ಖಾಲಿ ಗುಳಿಗೆ ಸರಿಯಬಹುದು, ಇಲ್ಲವೇ ಒಂದು ಕಾಯಿಯನ್ನು ದಾಟಿ ಅದರಾಚೆಯ ಖಾಲಿ ಗುಳಿಗೆ ನೆಗೆಯಬಹುದು, ಓರೆಯಾಗಿ ಹೋಗುವಂತಿಲ್ಲ.

ಏಳು ಗುಳಿಯ ಆಟವನ್ನೇ ಮೊದಲು ಆಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಮೂರು ಕೆಂಪು, ಮೂರು ಹಳದಿ ಕಾಯಿಗಳು, ಹದಿನೈದು ನಡೆಗಳು, ಅಷ್ಟೇ. ನೋಡಿದರೆ ಮಕ್ಕಳಾಟವೆನಿಸುತ್ತದೆ, ಆದರೆ ಒಂದೇ ಬಣ್ಣದ ಎರಡು ಕಾಯಿಗಳು ಬೇಗನೆ ಅಕ್ಕಪಕ್ಕ ಬಂದು ದಾರಿ ಕಟ್ಟಿಬಿಟ್ಟರೆ ಮುಂದೆ ಹೆಜ್ಜೆಯೇ ಇಲ್ಲ, ಎಲ್ಲವನ್ನೂ ಮತ್ತೆ ಜೋಡಿಸಬೇಕು. ನಮ್ಮ ತಂದೆಯವರು ನಾಲ್ಕು ಸಂಜೆ ಹೀಗೆ ಸಿಕ್ಕಿಕೊಂಡರು. ಐದನೆಯ ಸಂಜೆ ಅವರ ಬೆರಳಿಗೆ ಲಯ ಸಿಕ್ಕಿತು: ಕೆಂಪು ಒಂದು ನಡೆ, ಹಳದಿ ಎರಡು, ಕೆಂಪು ಮೂರು, ಹಳದಿ ಮೂರು, ಕೆಂಪು ಮೂರು, ಹಳದಿ ಎರಡು, ಕೆಂಪು ಒಂದು. ಏರಿದ ಹಾಗೆಯೇ ಇಳಿಯುವ ಈ ಎಣಿಕೆಯನ್ನು ಕೈಯೇ ಕಂಡುಕೊಳ್ಳುವ ಗಳಿಗೆಯ ಸುಖಕ್ಕಾಗಿಯಾದರೂ ಈ ಮಣೆಯನ್ನು ಕೊಳ್ಳಬಹುದು.

ಕಾಯಿಗಳ ಕೆಲಸ ಅಚ್ಚುಕಟ್ಟಾಗಿದೆ. ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣವನ್ನು ಒತ್ತಿ ಹಚ್ಚಿದ ಆ ಹೊಳಪು ತಿಂಗಳ ಆಟದ ನಂತರವೂ ಮಾಸಿಲ್ಲ. ಮಣೆಯ ಬಗ್ಗೆ ಅಷ್ಟು ಹೊಗಳಲಾರೆ: ಎರಡು ಗುಳಿಗಳು ಬಿಗಿಯಾಗಿದ್ದು, ಕಾಯಿಯನ್ನು ತಿರುಚಿ ಎಳೆಯಬೇಕಾಗುತ್ತದೆ, ಆ ಎಳೆತಕ್ಕೆ ಪಕ್ಕದ ಕಾಯಿ ಉರುಳುತ್ತದೆ. ನಲವತ್ತು ನಡೆ ಎಣಿಸಿಕೊಂಡು ಬಂದವರಿಗೆ ಇದು ಸಣ್ಣ ತೊಂದರೆಯಲ್ಲ.

ನನ್ನ ನಿಜವಾದ ತಕರಾರು ಪೆಟ್ಟಿಗೆಯೊಳಗಿನ ಚೀಟಿಯ ಮೇಲೆ. ಹದಿನೇಳು ಗುಳಿಯ ಆಟಕ್ಕೆ ಕನಿಷ್ಠ 47 ನಡೆ ಬೇಕೆಂದು ಅದರಲ್ಲಿ ಅಚ್ಚಾಗಿದೆ. ಅಮೆರಿಕದ ಒಗಟುಕಾರ ಸ್ಯಾಮ್ ಲಾಯ್ಡ್ (1841–1911) ಈ ಆಟವನ್ನು ಪರಿಚಯಿಸಿದಾಗ ಕೊಟ್ಟ ಸಂಖ್ಯೆ ಅದು. ಇಂಗ್ಲೆಂಡಿನ ಹೆನ್ರಿ ಡ್ಯೂಡೆನಿ (1857–1930) 46 ನಡೆಗಳೇ ಸಾಕೆಂದು ತೋರಿಸಿದರು. ಒಂದು ನಡೆಯ ಅಂತರವೆಂದು ತಳ್ಳಿಹಾಕುವಂತಿಲ್ಲ. ಹದಿನಾರು ಕಾಯಿಗಳು ಒಟ್ಟಾಗಿ ಕ್ರಮಿಸಬೇಕಾದ ದೂರ 72 ಮನೆ; ಸರಿದರೆ ಒಂದು ಮನೆ, ನೆಗೆದರೆ ಎರಡು ಮನೆ ದಾಟಿದಂತೆ. ಯಾವ ಕಾಯಿಯೂ ಹಿಂದಕ್ಕೆ ಬಾರದೆ 47ರಲ್ಲಿ ಮುಗಿಸುವವರು 25 ಸಲ ನೆಗೆದು 22 ಸಲ ಸರಿದಿರುತ್ತಾರೆ. 46ರಲ್ಲಿ ಮುಗಿಸಲು 26 ನೆಗೆತ, 20 ಸರಿತ. ಆ ಇನ್ನೊಂದು ನೆಗೆತ ಎಲ್ಲಿ ಅಡಗಿದೆ ಎಂದು ಹುಡುಕುವುದೇ ಈ ಆಟದ ಜೀವ. 47ಕ್ಕೆ ತಲುಪಿದ ಮಗುವಿಗೆ ಇನ್ನು ಹುಡುಕುವುದೇನೂ ಇಲ್ಲವೆಂದು ಚೀಟಿ ಸುಳ್ಳು ಹೇಳುತ್ತಿದೆ. ಸಾಲದ್ದಕ್ಕೆ ಉತ್ತರವನ್ನೂ ಅದರ ಬೆನ್ನಲ್ಲೇ, ತೆರೆದೊಡನೆ ಕಣ್ಣಿಗೆ ಬೀಳುವಂತೆ ಮುದ್ರಿಸಿದ್ದಾರೆ.

ಎಂಟು ವರ್ಷ ದಾಟಿದ ಮಕ್ಕಳಿಗೂ ನಿವೃತ್ತರಾದ ಹಿರಿಯರಿಗೂ ಈ ಮಣೆಯನ್ನು ನಾನು ಧೈರ್ಯವಾಗಿ ಕೊಡಿಸುತ್ತೇನೆ. ಕೊಡುವ ಮೊದಲು ಬಿಗಿ ಗುಳಿಗಳಿಗೆ ಉಪ್ಪುಕಾಗದ ತಿರುಗಿಸಿ, ಚೀಟಿಯನ್ನು ತೆಗೆದಿಟ್ಟುಕೊಳ್ಳಿ. ನನ್ನ ಎಣಿಕೆ ಸದ್ಯ 49ರಲ್ಲಿ ನಿಂತಿದೆ.