ಜಿಯೊಜೀಬ್ರಾ 3ಡಿ: ನಾರ್ಮಲ್ ಕಾಂಪೊನೆಂಟ್ ಕಲಿಸಲು ಇದೇ ನನ್ನ ಕಪ್ಪುಹಲಗೆ

ಪುಣೆಯ ಕಾತ್ರಜ್‌ನಲ್ಲಿ ಭಾನುವಾರ ಎಂಜಿನಿಯರಿಂಗ್ ಮಕ್ಕಳಿಗೆ ದುಡ್ಡು ತಗೊಳ್ಳದೆ ಗಣಿತ ಹೇಳಿಕೊಡುತ್ತೇನೆ. ಹೆಚ್ಚಿನವರು ಬೆಳಗಾವಿ, ವಿಜಯಪುರ, ಧಾರವಾಡ ಕಡೆಯವರು. ವೆಕ್ಟರ್ (ಉದ್ದವೂ ದಿಕ್ಕೂ ಇರುವ ಬಾಣ) ಕ್ಯಾಲ್ಕುಲಸ್ ಶುರುವಾದರೆ ನಾನು ಮೊದಲು ತೆರೆಯುವುದು ಜಿಯೊಜೀಬ್ರಾದ 3ಡಿ ಆ್ಯಪ್. ಮಾರ್ಕುಸ್ ಹೊಹೆನ್‌ವಾರ್ಟರ್ 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಶುರು ಮಾಡಿದ ತಂತ್ರಾಂಶ ಇದು. ವ್ಯಾಪಾರಕ್ಕಲ್ಲದ ಬಳಕೆಗೆ ಪುಕ್ಕಟೆ.

ಒಂದು ವೆಕ್ಟರ್‌ನಲ್ಲಿ ಮೇಲ್ಮೈಗೆ ನೆಟ್ಟಗೆ ನಿಂತ ಭಾಗವನ್ನು, ಅಂದರೆ ನಾರ್ಮಲ್ ಕಾಂಪೊನೆಂಟನ್ನು, ಹುಡುಕುವ ಲೆಕ್ಕ ಕಷ್ಟದ್ದಲ್ಲ. ಆದರೆ ಸೂತ್ರ ಬಾಯಿಪಾಠ ಆದವರಿಗೂ ಅದು ಏನನ್ನು ಅಳೆಯುತ್ತಿದೆ ಅಂತ ಕಾಣುವುದಿಲ್ಲ. ಈ ಆ್ಯಪ್ ಗೆಲ್ಲುವುದು ಅಲ್ಲೇ.

ನಾನು ಯಾವಾಗಲೂ ತೋರಿಸುವ ಉದಾಹರಣೆ: ಎಕ್ಸ್² + ವೈ² + ಜೆಡ್² = 9 ಎಂಬ ಗೋಳ, ಎಫ್ = (ವೈ, ಜೆಡ್, ಎಕ್ಸ್) ಎಂಬ ಕ್ಷೇತ್ರ, ಅಂದರೆ ಪ್ರತಿ ಬಿಂದುವಿಗೂ ಒಂದು ವೆಕ್ಟರ್. (1, 2, 2) ಬಿಂದುವಿನಲ್ಲಿ ಗ್ರೇಡಿಯಂಟ್, ಅಂದರೆ ಗೋಳಕ್ಕೆ ನೆಟ್ಟಗೆ ನಿಲ್ಲುವ ವೆಕ್ಟರ್, (2, 4, 4), ಅದರ ಉದ್ದ 6. ಉದ್ದದಿಂದ ಭಾಗಿಸಿದರೆ ಉದ್ದ 1 ಇರುವ ಎನ್ = (1/3, 2/3, 2/3). ಅಲ್ಲಿ ಎಫ್ = (2, 2, 1). ಇವೆರಡರ ಡಾಟ್ (ಜೊತೆಜೊತೆ ಅಂಕಿ ಗುಣಿಸಿ ಕೂಡಿದ್ದು) 8/3. ಅದನ್ನು ಮತ್ತೆ ಎನ್‌ಗೆ ಗುಣಿಸಿದರೆ ನಾರ್ಮಲ್ ಭಾಗ (8/9, 16/9, 16/9). ಎಫ್‌ನಿಂದ ಇದನ್ನು ಕಳೆದರೆ ಉಳಿಯುವ (10/9, 2/9, −7/9) ಗೋಳವನ್ನು ಸವರಿಕೊಂಡು ಹೋಗುವ ಭಾಗ. ಮಕ್ಕಳು ಉದ್ದದಿಂದ ಭಾಗಿಸುವುದನ್ನು ಮರೆತರೆ ಡಾಟ್ 16 ಬರುತ್ತದೆ. ಎಫ್‌ನ ಉದ್ದವೇ 3, ಅದರ ಒಂದು ಭಾಗ 16 ಹೇಗಾದೀತು? ತೆರೆಯ ಮೇಲೆ ಬಾಣ ಗೋಳ ದಾಟಿ ದೂರ ಓಡಿದ್ದು ಕಂಡರೆ ಯಾರೂ ಎರಡನೇ ಸಲ ಮರೆಯುವುದಿಲ್ಲ.

ಗೋಳದ ಮೇಲೆ ಬಿಂದು ಇಟ್ಟು ಬೆರಳಲ್ಲಿ ಎಳೆಯುವುದೇ ಇದರ ಸೊಗಸು. (3, 0, 0) ಹತ್ತಿರ ಹೋದಂತೆ ನಾರ್ಮಲ್ ಬಾಣ ಕುಗ್ಗುತ್ತಾ ಪೂರ್ತಿ ಇಲ್ಲವಾಗುತ್ತದೆ. "ಸರ್, ಬಾಣ ಎಲ್ಲಿ ಹೋತ್ರಿ?" ಅಂತ ಧಾರವಾಡದ ಹುಡುಗಿಯೊಬ್ಬಳು ಕೇಳಿದಳು. ಅಲ್ಲಿ ಎಫ್ ಪೂರ್ತಿ ಗೋಳವನ್ನು ಸವರುತ್ತಿದೆ, ಅಷ್ಟೇ. ಮೂರೂ ನಿರ್ದೇಶಾಂಕ √3 ಆದ ಕಡೆ ಉಲ್ಟಾ: ಎಫ್ ಅಷ್ಟೂ ನಾರ್ಮಲ್, ಸವರುವ ಭಾಗ ಸೊನ್ನೆ.

ಹೊಸಬರಿಗೆ ಎರಡು ಮಾತು. ಸಣ್ಣಕ್ಷರದ ಹೆಸರು ಕೊಟ್ಟರೆ ವೆಕ್ಟರ್, ದೊಡ್ಡಕ್ಷರಕ್ಕೆ ಬಿಂದು ಆಗುತ್ತದೆ. ವೆಕ್ಟರ್ ತಾನಾಗಿ ಮೂಲಬಿಂದುವಿನಿಂದ ಹೊರಡುತ್ತದೆ. ಗೋಳದ ಮೇಲಿನ ಎ ಬಿಂದುವಿನಿಂದ ಹೊರಡಿಸಬೇಕಾದರೆ ವೆಕ್ಟರ್ ಕಮಾಂಡ್‌ಗೆ ಎ ಮತ್ತು ಎ + ಎಫ್ ಎರಡನ್ನೂ ಕೊಡಿ. ಇಡೀ ಕ್ಷೇತ್ರದ ಬಾಣಗಳನ್ನು ಸೀಕ್ವೆನ್ಸ್ ಕಮಾಂಡ್‌ನಿಂದ ಬಿಡಿಸಬಹುದು, ಆದರೆ ಕಡಿಮೆ ಬೆಲೆಯ ಫೋನ್ ಆಗ ಸುಸ್ತಾಗುತ್ತದೆ. ಲ್ಯಾಪ್‌ಟಾಪ್ ವಾಸಿ.

ಎನ್ ಹೊರಮುಖವೋ ಒಳಮುಖವೋ ಅನ್ನುವುದನ್ನು ಮಾತ್ರ ನೀವೇ ತೀರ್ಮಾನಿಸಬೇಕು. ದಿಕ್ಕು ತಿರುಗಿಸಿದರೆ 8/3 ಹೋಗಿ −8/3 ಆಗುತ್ತದೆ, ಫ್ಲಕ್ಸ್ (ಮೇಲ್ಮೈಯನ್ನು ದಾಟಿ ಹರಿಯುವ ಒಟ್ಟು ಮೊತ್ತ) ಲೆಕ್ಕದ ಚಿಹ್ನೆಯೂ ಬದಲಾಗುತ್ತದೆ. ನಾರ್ಮಲ್ ಭಾಗದ ಬಾಣ ಮಾತ್ರ ಇದ್ದಲ್ಲೇ ಇರುತ್ತದೆ, ಯಾಕಂದ್ರೆ ಎನ್ ಎರಡು ಸಲ ಗುಣಿಸಲ್ಪಟ್ಟಿದೆ. ಎನ್ ಮುಂದೆ ಒಂದು ಮೈನಸ್ ಹಾಕಿ ತೋರಿಸಿ, ಮಕ್ಕಳು ತಾವೇ ಕಾರಣ ಹುಡುಕುತ್ತಾರೆ.